ಸರಿಸರಿ ಅಂಗಡಿಯ ಬೇಸಿಗೆ



ಈ ಸಲ ಸ್ವಲ್ಪ ದೂರದ ಪೇಟೆಗೆ ಕರೆದುಕೊಂಡು ಹೋಗುತ್ತೇನೆ. ಮಗ ಕೆಲಸದ ನಿಮಿತ್ತ ಫಿಲಿಪ್ಪೀನ್ಸ್ ದೇಶದ ಮನಿಲಾ ಪಟ್ಟಣದಲ್ಲಿದ್ದಾಗ, 2024ರ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿದ್ದೆವು. ಬೇಸಿಗೆಯಲ್ಲಿ ಹೋಗಬೇಡಿರೆಂದು ಬಲ್ಲವರು ಹೇಳಿದ್ದರು. ಸೊಲ್ಲಾಪುರದ ಬಿಸಿಲು ಉಂಡು ಬೆಳೆದವನಿಗೆ ಇನ್ನಾವ ಬಿಸಿಲು ಎಂದು ನಾನು ನಕ್ಕುಬಿಟ್ಟೆ. ನಕ್ಕದ್ದು ತಪ್ಪಾಯಿತು.

ನಮ್ಮ ಕಡೆ ಪಾದರಸ 42-43 ಡಿಗ್ರಿ ಮುಟ್ಟುವುದು ಹೊಸದಲ್ಲ. ಆದರೆ ಅದು ಒಣ ಬಿಸಿಲು. ಬೇವಿನ ಗಿಡದ ಕೆಳಗೆ ಕೂತು ತಲೆಗೆ ಒದ್ದೆ ವಸ್ತ್ರ ಸುತ್ತಿಕೊಂಡರೆ ಜೀವ ತಂಪಾಗುತ್ತದೆ. ಮನಿಲಾ ಸಮುದ್ರ ದಂಡೆಯ ಊರು. ಅಲ್ಲಿ ಬೆವರು ಒಣಗುವುದೇ ಇಲ್ಲ. ಅಲ್ಲಿಯ ಹವಾಮಾನ ಇಲಾಖೆಯವರು ಎರಡು ಅಂಕಿ ಹೇಳುತ್ತಾರೆ, ಒಂದು ಪಾದರಸದ್ದು, ಇನ್ನೊಂದು ಮೈಗೆ ತಗಲುವ ಸೆಕೆಯದು. ಎರಡನೆಯದು 40 ದಾಟಿದ ದಿನಗಳೇ ಹೆಚ್ಚು. ನಾವು ಹೋದ ಹೊಸದರಲ್ಲೇ, ಏಪ್ರಿಲ್ 27ಕ್ಕೆ, ಮನಿಲಾದ ವಿಮಾನ ನಿಲ್ದಾಣದ ಬಳಿ 38.8 ಡಿಗ್ರಿ ಬಿತ್ತು. 1915ರಲ್ಲಿ 38.6 ಆಗಿತ್ತಂತೆ, ಆ ದಾಖಲೆ ಮುರಿಯಿತು. 29 ಮತ್ತು 30ನೇ ತಾರೀಖು ದೇಶದ ಸರಕಾರಿ ಶಾಲೆಗಳಲ್ಲೆಲ್ಲ ತರಗತಿ ಬಂದ್.

ಏಪ್ರಿಲ್ ಕೊನೆಗೆ ಶಾಲೆ ಯಾಕೆ ನಡೆದಿತ್ತು ಎಂದು ನೀವು ಕೇಳಬಹುದು. ಹಿಂದೆ ಅಲ್ಲಿಯೂ ನಮ್ಮಂತೆಯೇ ಜೂನಿಗೆ ಶಾಲೆ, ಏಪ್ರಿಲ್-ಮೇ ಸೂಟಿ. 2020ರ ಕರೋನಾ ಗದ್ದಲದಲ್ಲಿ ಶಾಲೆ ಶುರುವಾದದ್ದೇ ಅಕ್ಟೋಬರಿನಲ್ಲಿ. ಅಲ್ಲಿಂದ ವರ್ಷದ ಲೆಕ್ಕ ತಪ್ಪಿ, ಮಕ್ಕಳು ಕಡುಬೇಸಿಗೆಯಲ್ಲಿ ಕಿಕ್ಕಿರಿದ ಕೋಣೆಗಳಲ್ಲಿ ಕೂಡುವಂತಾಯಿತು. 2024ರ ಏಟು ತಿಂದ ಮೇಲೆ ಸರಕಾರ ಎಚ್ಚತ್ತು, ಮುಂದಿನ ಸಾಲಿನ ಶಾಲೆಯನ್ನು 2025ರ ಏಪ್ರಿಲ್ 15ಕ್ಕೆ ಮುಗಿಸಿ, ಜೂನ್ 16ಕ್ಕೆ ಹೊಸ ವರ್ಷ ತೆರೆಯಿತು. ಮಕ್ಕಳಿಗೆ ಬೇಸಿಗೆ ಸೂಟಿ ತಿರುಗಿ ಸಿಕ್ಕಿತು.

ಮಗನ ಮನೆ ಎತ್ತರದ ಕಟ್ಟಡದಲ್ಲಿ. ಅದರ ಹಿಂದೆ ಒಂದು ಇಕ್ಕಟ್ಟಿನ ಓಣಿ. ನನಗೆ ಮೇಲಿನ ತಂಪುಯಂತ್ರದ ಗಾಳಿಗಿಂತ ಕೆಳಗಿನ ಓಣಿಯೇ ಸೇರಿತು. ಅಲ್ಲಿಯ ತಾಯಂದಿರು ಮಗುವಿನ ಅಂಗಿಯೊಳಗೆ ಬೆನ್ನಿಗೊಂದು ಸಣ್ಣ ಟವೆಲು ತೂರಿಸಿ ಆಟಕ್ಕೆ ಬಿಡುತ್ತಾರೆ, ಬೆವರು ಮೈಯಲ್ಲೇ ಹಿಂಗಬಾರದೆಂದು. ದುಡಿದು ದಣಿದ ಕೈಯನ್ನು ಕೂಡಲೇ ತಣ್ಣೀರಿನಲ್ಲಿ ತೊಳೆಯಬಾರದು, ನರ ನಡುಗುತ್ತವೆ ಎಂಬ ನಂಬಿಕೆಯೂ ಉಂಟು. ಅದಕ್ಕೆ 'ಪಾಸ್ಮಾ' ಅನ್ನುತ್ತಾರೆ. ಬಿಸಿಲಲ್ಲಿ ಬಂದವರು ಗಟಗಟ ತಣ್ಣೀರು ಕುಡಿಯಬಾರದೆಂದು ನಮ್ಮ ಅಜ್ಜಿಯೂ ಗದರಿಸುತ್ತಿದ್ದಳು.

ಆ ಓಣಿಯಲ್ಲಿ ಒಂದು ಅಂಗಡಿ. ಮನೆಯ ಮುಂದಿನ ಕಿಟಕಿಗೇ ಕಬ್ಬಿಣದ ಜಾಲರಿ ಹೊಡೆದು, ನಡುವೆ ಕೈ ತೂರುವಷ್ಟು ಕಿಂಡಿ ಬಿಟ್ಟಿದ್ದಾರೆ. ಇಂಥ ಅಂಗಡಿಗೆ ಅಲ್ಲಿ 'ಸರಿಸರಿ' ಎನ್ನುತ್ತಾರೆ. ಕೇಳಿದೊಡನೆ ನನಗೆ ನಗು ಬಂತು. ನಮ್ಮ ಸರಿಸರಿ ಅಲ್ಲ, ಅವರ ಮಾತಿನಲ್ಲಿ ಬಗೆಬಗೆಯದು ಎಂದರ್ಥ. ದೇಶದಲ್ಲಿ ಇಂಥವು ಹತ್ತು ಲಕ್ಷಕ್ಕೂ ಹೆಚ್ಚು ಇವೆಯಂತೆ. ಹೆಚ್ಚಿನವನ್ನು ನಡೆಸುವವರು ಮನೆಯ ಹೆಂಗಸರೇ. ಗಿರಾಕಿ ಕಿಂಡಿಯ ಮುಂದೆ ನಿಂತು "ಪಬಿಲಿ ಪೋ" ಎಂದು ಕೂಗುತ್ತಾನೆ, ಕೊಳ್ಳಬೇಕಾಗಿತ್ತು ತಾಯೀ ಎಂಬಂತೆ. ಅಂಗಡಿಯಾಕೆಯನ್ನು ಎಲ್ಲರೂ 'ಆತೆ' ಎನ್ನುತ್ತಾರೆ, ಅಕ್ಕ ಎಂದರ್ಥ. ಮೊದಮೊದಲು ನನಗೆ ಅದು 'ಅತ್ತೆ' ಎಂದೇ ಕೇಳಿಸಿ, ಊರಿಗೆಲ್ಲ ಒಬ್ಬಳೇ ಅತ್ತೆಯೇ ಎಂದುಕೊಂಡೆ.

ನಾನು ದಿನವೂ ಸಂಜೆ ಆ ಅಂಗಡಿಯ ಬೆಂಚಿನ ಮೇಲೆ ಕೂಡತೊಡಗಿದೆ. ನನ್ನ ಹರಕು ಇಂಗ್ಲಿಷು, ಆಕೆಯದು ನನಗಿಂತ ಎಷ್ಟೋ ವಾಸಿ. ನಲವತ್ತು ವರ್ಷ ಗಲ್ಲೆಯ ಮೇಲೆ ಕೂತವನಿಗೆ ಬೇರೆಯವರ ಗಲ್ಲೆ ನೋಡುವುದಕ್ಕಿಂತ ದೊಡ್ಡ ಸಿನೇಮಾ ಇಲ್ಲ. ಅಲ್ಲಿ ಏನೂ ಇಡಿಯಾಗಿ ಮಾರುವುದಿಲ್ಲ. ಅಡುಗೆ ಎಣ್ಣೆ ಬೆರಳುದ್ದದ ಪ್ಲಾಸ್ಟಿಕ್ ಚೀಲದಲ್ಲಿ, ಶಾಂಪೂ ಒಂದು ಸ್ನಾನದ್ದು, ಕಾಫಿಪುಡಿ ಒಂದು ಬಟ್ಟಲಿನದ್ದು. ಸಿಗರೇಟನ್ನೂ ಒಂದೊಂದೇ ಕೊಡುತ್ತಾರೆ, ಅದು ನನಗೆ ಸೇರಲಿಲ್ಲ. ತಂಪು ಪಾನೀಯವನ್ನು ಬಾಟಲಿಯಿಂದ ಚೀಲಕ್ಕೆ ಸುರುವಿ ಕೊಳವೆ ಚುಚ್ಚಿ ಕೊಡುತ್ತಾರೆ, ಬಾಟಲಿ ಮರಳಿ ಕೊಡಬೇಕಾದೀತೆಂದು. ಮೊಬೈಲಿನ ಕರೆನ್ಸಿಯೂ ಚೂರು ಚೂರಾಗಿಯೇ. ಪಕ್ಕದ ಗೋಡೆಗೆ ಒಂದು ಡಬ್ಬಿ: ಒಂದು ಪೆಸೊ ನಾಣ್ಯ ಹಾಕಿದರೆ ಕೆಲವು ನಿಮಿಷ ಇಂಟರ್‌ನೆಟ್. ಒಂದು ಪೆಸೊ ಎಂದರೆ ಆಗ ನಮ್ಮ ಒಂದೂವರೆ ರೂಪಾಯಿಯ ಹತ್ತಿರ.

ಈ ಬಿಡಿ ಮಾರಾಟಕ್ಕೆ ಅಲ್ಲಿ 'ತಿಂಗಿ' ಎನ್ನುತ್ತಾರೆ. ಲೆಕ್ಕ ಹಾಕಿದರೆ ಬಾಟಲಿಗಿಂತ ಪುಡಿಕೆಯ ಎಣ್ಣೆಯೇ ತುಟ್ಟಿ. ಬಡವನೇ ಹೆಚ್ಚು ಕೊಡುತ್ತಾನಲ್ಲ ಎಂದು ನಾನು ಆಕೆಗೆ ಅಂದೆ. ಆಕೆ ಸಿಟ್ಟಾಗಲಿಲ್ಲ. ಬಾಟಲಿಯ ದುಡ್ಡು ಒಂದೇ ದಿನ ಯಾರ ಕೈಯಲ್ಲಿರುತ್ತದೆ ಎಂದು ಕೇಳಿದಳು. ಆಗ ಮನಿಲಾದ ದಿನಗೂಲಿಯ ಕನಿಷ್ಠ ದರ 610 ಪೆಸೊ. ಅದರಲ್ಲಿ ಬಾಡಿಗೆ, ಅಕ್ಕಿ, ಹೋಗಿಬರುವ ಖರ್ಚು. ಉಳಿದದ್ದರಲ್ಲಿ ಇಂದಿನ ಎಣ್ಣೆ ಇಂದಿಗೆ. ಖಾಲಿ ಚೀಲಗಳೆಲ್ಲ ಗಟಾರಕ್ಕೆ ಹೋಗಿ, ಜೂನಿನಲ್ಲಿ ಮಳೆ ಹಿಡಿದಾಗ ಅದೇ ಓಣಿಯಲ್ಲಿ ನೀರು ನಿಲ್ಲುತ್ತದೆ, ಅದೂ ಸುಳ್ಳಲ್ಲ.

ಬೇಸಿಗೆಯಲ್ಲಿ ಆಕೆಯ ಮುಖ್ಯ ಮಾಲು ಮಂಜುಗಡ್ಡೆ. ಓಣಿಯ ಎಲ್ಲ ಮನೆಯಲ್ಲೂ ಫ್ರಿಜ್ ಇಲ್ಲ. ಆಕೆ ರಾತ್ರಿ ನೀರನ್ನು ಚೀಲದಲ್ಲಿ ಕಟ್ಟಿ ಹೆಪ್ಪುಗಟ್ಟಿಸಿ ಹಗಲು ಮಾರುತ್ತಾಳೆ. ಹಣ್ಣಿನ ರಸವನ್ನು ಉದ್ದನೆಯ ಕೊಳವೆ ಚೀಲದಲ್ಲಿ ಗಟ್ಟಿಮಾಡಿ 'ಐಸ್ ಕ್ಯಾಂಡಿ', ಒಂದಕ್ಕೆ 5 ಪೆಸೊ. ಶಾಲೆ ಬಂದಾದ ಎರಡು ದಿನ ಮಧ್ಯಾಹ್ನಕ್ಕೇ ಮಾಲು ತೀರಿತು. ನಾನು ಒಳ್ಳೆಯ ವ್ಯಾಪಾರ ಎಂದೆ. ಆಕೆ ವಿದ್ಯುತ್ತಿನ ಬಿಲ್ಲು ತೋರಿಸಿದಳು.

ಮಂಜುಗಡ್ಡೆಗೆ ಆ ಊರಲ್ಲಿ ಒಂದು ಚರಿತ್ರೆಯೇ ಉಂಟು. ಹತ್ತೊಂಬತ್ತನೇ ಶತಮಾನದಲ್ಲಿ ಅಮೇರಿಕದ ಕೆರೆಗಳ ಗಡ್ಡೆ ಹಡಗಿನಲ್ಲಿ ಬರುತ್ತಿತ್ತು, ಶ್ರೀಮಂತರಿಗೆ ಮಾತ್ರ. 1902ರಲ್ಲಿ ಅಮೇರಿಕದವರು ಮನಿಲಾದಲ್ಲೇ ದೊಡ್ಡ ಮಂಜಿನ ಕಾರಖಾನೆ ಕಟ್ಟಿದರು. ಯುದ್ಧಕ್ಕೆ ಮುಂಚೆ ಜಪಾನಿ ಅಂಗಡಿಕಾರರು ತುರಿದ ಮಂಜಿನ ಮೇಲೆ ಸಿಹಿ ಕಾಳು ಹಾಕಿ ಮಾರತೊಡಗಿದರು. ಅದರ ಸಂತಾನವೇ ಈಗಿನ 'ಹಾಲೊಹಾಲೊ', ಅಂದರೆ ಕಲಸುಮೇಲೋಗರ: ತುರಿದ ಮಂಜು, ಹಾಲು, ಸಿಹಿ ಕಾಳು, ಹಲಸಿನ ತೊಳೆ, ಸಾಬೂದಾಣಿ, ತೆಂಗಿನ ತಿರುಳು. ನಮ್ಮವರು ಹೋದರೆ ಎರಡು ವಸ್ತು ಬೇಡವೆಂದು ಮೊದಲೇ ಹೇಳಬೇಕು. ಮೇಲಿಡುವ ಹಳದಿ ತುಂಡು ಮೊಟ್ಟೆಯದು, ನೇರಳೆ ಬಣ್ಣದ್ದು ಗೆಣಸಿನ ಜಾತಿಯ ಕಂದಮೂಲ. ಬೆಳಿಗ್ಗೆ ಅಡ್ಡೆ ಹೊತ್ತು "ತಹೋ" ಎಂದು ಉದ್ದಕ್ಕೆ ಕೂಗುತ್ತ ಬರುವವನ ಹತ್ತಿರ ಮಾತ್ರ ನಾವು ನಿಶ್ಚಿಂತೆಯಿಂದ ತಿಂದೆವು: ಸೋಯಾ ಹಾಲಿನ ಮೆತ್ತನೆಯ ಗಿಣ್ಣು, ಸಕ್ಕರೆ ಪಾಕ, ಸಾಬೂದಾಣಿ.

ಮಧ್ಯಾಹ್ನ ಓಣಿಯೆಲ್ಲ ಮಂಪರು. ಅಂಗಡಿಯ ಟಿ.ವಿ.ಯಲ್ಲಿ 'ಈಟ್ ಬುಲಗಾ' ಎಂಬ ಹಾಡು-ನಗೆ-ಬಹುಮಾನದ ಕಾರ್ಯಕ್ರಮ. 1979ರಿಂದ ಮಧ್ಯಾಹ್ನದ ಊಟದ ಹೊತ್ತಿಗೆ ನಡೆದುಬಂದಿದೆ. ಕೈಲಾದವರು ಮಾಲ್‌ಗೆ ಹೋಗುತ್ತಾರೆ, ಕೊಳ್ಳಲಿಕ್ಕಲ್ಲ, ತಂಪಿಗೆ. ಮುದುಕರು, ಕೂಸುಗಳು, ಪುಸ್ತಕ ಹಿಡಿದ ವಿದ್ಯಾರ್ಥಿಗಳು ಎಲ್ಲರೂ ಅಲ್ಲೇ. ಭಾನುವಾರ ಮಾಲ್‌ನ ನಡುವಿನ ಅಂಗಳದಲ್ಲೇ ಕ್ರೈಸ್ತರ ಪೂಜೆಯೂ ಆಗುತ್ತದೆ.

ಇಲ್ಲಿ ವ್ಯಾಪಾರಿ ಬಂಧುಗಳಿಗೆ ಒಂದು ಮಾತು ಹೇಳಲೇಬೇಕು. ಆ ಮಾಲ್‌ಗಳಲ್ಲಿ ಅತಿ ದೊಡ್ಡವು 'ಎಸ್.ಎಂ.' ಹೆಸರಿನವು. ಅವುಗಳ ಯಜಮಾನ ಹೆನ್ರಿ ಸೈ ಎಂಬವರು 1924ರಲ್ಲಿ ಚೀನದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಮನಿಲಾಕ್ಕೆ ಬಂದರು. ತಂದೆಯದು ಒಂದು ಸರಿಸರಿ ಅಂಗಡಿ. ರಾತ್ರಿ ಅದೇ ಅಂಗಡಿಯ ಹಲಗೆಯ ಮೇಲೆ ಮಲಗುತ್ತಿದ್ದರಂತೆ. ಯುದ್ಧದಲ್ಲಿ ಅಂಗಡಿ ಹಾಳಾಯಿತು. 1958ರಲ್ಲಿ ಕಿಯಾಪೊ ಪೇಟೆಯಲ್ಲಿ ಚಪ್ಪಲಿ-ಬೂಟಿನ ಅಂಗಡಿ ತೆರೆದರು. ಎಸ್.ಎಂ. ಎಂದರೆ ಆ 'ಶೂಮಾರ್ಟ್'. 1985ರಲ್ಲಿ ಮೊದಲ ದೊಡ್ಡ ಮಾಲ್. 2019ರಲ್ಲಿ ತೀರಿಕೊಂಡಾಗ ದೇಶದ ಅತಿ ಶ್ರೀಮಂತರು ಅವರೇ. ಈ ಕಥೆಯನ್ನು ಆತೆಗೆ ಹೇಳಹೋದೆ. ಅದು ಅಲ್ಲಿ ಮಕ್ಕಳಿಗೂ ಗೊತ್ತಿದೆ. ಆಕೆ ಎಣ್ಣೆ ಚೀಲ ಕಟ್ಟುತ್ತಲೇ, ಎಲ್ಲರೂ ಮಾಲ್ ಕಟ್ಟಿದರೆ ಒಂದು ಚೀಲ ಎಣ್ಣೆ ಕೊಡುವವರು ಯಾರು ಅಂದಳು.

ಸಂಜೆ ಓಣಿಗೆ ಜೀವ ಬರುತ್ತದೆ. ಕಂಬಕ್ಕೆ ಬಳೆ ಕಟ್ಟಿ ಬ್ಯಾಸ್ಕೆಟ್‌ಬಾಲ್, ಕಾಲಲ್ಲಿ ರಬ್ಬರ್ ಚಪ್ಪಲಿ. ನಮ್ಮ ಹುಡುಗರಿಗೆ ಕ್ರಿಕೆಟ್ಟಿನ ಹುಚ್ಚು ಇದ್ದಂತೆ ಅವರಿಗೆ ಇದು. ಏಷ್ಯಾದ ಮೊದಲ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಮಂಡಲಿ 1975ರಲ್ಲಿ ಅಲ್ಲಿಯೇ ಹುಟ್ಟಿದ್ದು. ಬೇಸಿಗೆಯಲ್ಲಿ ಬಡಾವಣೆ ಬಡಾವಣೆಗೂ ಪಂದ್ಯ. ಹುಟ್ಟುಹಬ್ಬವಿದ್ದರೆ ಬಾಡಿಗೆಗೆ ಹಾಡುವ ಯಂತ್ರ ತರುತ್ತಾರೆ, ಹಾಡಿದ ಮೇಲೆ ಅದು ಅಂಕ ಕೊಡುತ್ತದೆ. ನನಗೆ ರಾತ್ರಿ ನಿದ್ದೆ ಕೊಡಲಿಲ್ಲ. ಮೇ ತಿಂಗಳಲ್ಲಿ ಹೂಗಳ ಹಬ್ಬ. ಹುಡುಗಿಯರು ರಾಣಿಯರಂತೆ ಉಡುಗೆ ತೊಟ್ಟು ಹೂವಿನ ಕಮಾನಿನ ಕೆಳಗೆ ಮೆರವಣಿಗೆ ಹೋಗುತ್ತಾರೆ. ಆತೆಯ ತಂಗಿಯ ಮಗಳೂ ಒಬ್ಬಳು ರಾಣಿ, ಕಿರೀಟಕ್ಕೆ ಕಾಗದ ಅಂಟಿಸಿದ್ದು ಅಂಗಡಿಯ ಕಿಂಡಿಯ ಮುಂದೆಯೇ.

ಇನ್ನು 'ಬುಂಬೈ' ಸಂಗತಿ. ಭಾರತೀಯರನ್ನೆಲ್ಲ ಅಲ್ಲಿ ಬುಂಬೈ ಎನ್ನುತ್ತಾರೆ, ಮುಂಬಯಿ ನೋಡದವರನ್ನೂ. ಸಿಂಧಿ ವ್ಯಾಪಾರಿಗಳು ಅಮೇರಿಕದವರ ಆಳ್ವಿಕೆಯ ಕಾಲದಿಂದಲೂ ಅಲ್ಲಿದ್ದಾರೆ. ಪಾಕೊ ಭಾಗದಲ್ಲಿ ಮಹಾತ್ಮಾ ಗಾಂಧಿಯವರ ಹೆಸರಿನ ಬೀದಿಯೂ ಅಲ್ಲೊಂದು ಹಿಂದೂ ದೇವಾಲಯವೂ ಇವೆ. ಆದರೆ ಓಣಿಯ ಜನಕ್ಕೆ ಬುಂಬೈ ಎಂದರೆ ಮೋಟಾರ್ ಸೈಕಲ್ಲಿನ ಮೇಲೆ ಬಂದು ಸಾಲ ಕೊಡುವ ಪಂಜಾಬಿ. ಮಗು ಊಟ ಮಾಡದಿದ್ದರೆ "ಬುಂಬೈ ಬಂದ" ಎಂದು ಹೆದರಿಸುತ್ತಾರೆ. ಈ ಸಾಲದ ಹೆಸರೇ 'ಐದು-ಆರು'. ಐದು ತೆಗೆದುಕೊಂಡರೆ ಆರು ಕೊಡಬೇಕು. ಆತೆ ಆ ಬೇಸಿಗೆ ಫ್ರಿಜ್ ರಿಪೇರಿಗೆ ಎತ್ತಿದ್ದು 5000. ದಿನಕ್ಕೆ 100ರಂತೆ 60 ದಿನ, ಒಟ್ಟು 6000. ಕೇಳಲಿಕ್ಕೆ ಶೇಕಡಾ 20. ಆದರೆ ಅಸಲು ದಿನದಿನಕ್ಕೆ ಕರಗುವುದರಿಂದ ತಿಂಗಳಿಗೇ 20ರ ಹತ್ತಿರ ಬೀಳುತ್ತದೆ. ನಾನು ಸಿಗರೇಟು ಪಾಕೀಟಿನ ಹಿಂದೆ ಲೆಕ್ಕ ಬರೆದು ತೋರಿಸಿದೆ. ಆಕೆ ನೋಡಿ, ಬ್ಯಾಂಕಿನವರು ಈ ಓಣಿಗೆ ಬರುತ್ತಾರೆಯೇ ಎಂದು ಕೇಳಿದಳು. ಮನೆಯ ಫ್ಯಾನೂ ಅವನಿಂದಲೇ ಕಂತಿನಲ್ಲಿ ಬಂದದ್ದು.

2017ರಲ್ಲಿ ಅಂದಿನ ಅಧ್ಯಕ್ಷ ದುತೆರ್ತೆಯವರು ಈ ಸಾಲಗಾರರನ್ನು ಹಿಡಿಯಲು ಹೇಳಿ, ಸಣ್ಣ ವ್ಯಾಪಾರಿಗಳಿಗೆ ಸರಕಾರದಿಂದಲೇ ಕಡಿಮೆ ಬಡ್ಡಿಯ ಸಾಲ ತೆರೆದರು. ಆದರೂ ಮೋಟಾರ್ ಸೈಕಲ್ಲು ನಿಂತಿಲ್ಲ. ಒಂದು ಸಂಜೆ ಆ ಪಂಜಾಬಿ ತರುಣ ಬಂದ. ಹೆಲ್ಮೆಟ್ಟು ತೆಗೆದು ನನಗೆ ಹಿಂದಿಯಲ್ಲಿ ನಮಸ್ಕಾರ ಹೇಳಿದ. ಬೆವರಿನಲ್ಲಿ ತೊಯ್ದಿದ್ದ. ದುಡ್ಡಿನ ಚೀಲ ಹೊತ್ತು ಓಣಿ ತಿರುಗುವ ಇವರನ್ನು ಕಳ್ಳರು ಗುಂಡಿಕ್ಕಿ ಕೊಂದ ಸುದ್ದಿ ಅಲ್ಲಿಯ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆತೆ ಅವನಿಗೆ 100 ಪೆಸೊ ಎಣಿಸಿ ಕೊಟ್ಟು, ಕೇಳದೆಯೇ ಒಂದು ಚೀಲ ತಣ್ಣೀರು ಕೊಟ್ಟಳು. ಇವನನ್ನು ಶೋಷಕ ಎನ್ನಲೋ ಪಾಪ ಎನ್ನಲೋ ನನಗೆ ತಿಳಿಯಲಿಲ್ಲ. ಬಡ್ಡಿ ಹೆಚ್ಚು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಹಿರಿಯರೂ ಕೈಸಾಲ ಕೊಟ್ಟವರೇ, ಅವರ ವಹಿಯ ಹಳೆಯ ಹಾಳೆಗಳನ್ನು ಇಷ್ಟು ಹತ್ತಿರದಿಂದ ನಾನು ಎಂದೂ ಓದಿರಲಿಲ್ಲ.

ಆತೆಯ ಕಡೆಯೂ ಒಂದು ವಹಿ ಇದೆ, 'ಲಿಸ್ತಾ' ಎನ್ನುತ್ತಾರೆ. ಶಾಲೆಯ ನೋಟು ಪುಸ್ತಕ. ಗೋಡೆಗೆ ಉದ್ರಿ ಇಲ್ಲವೆಂಬ ಬೋರ್ಡು, ಕೆಳಗೆ ಉದ್ರಿಯ ಪುಸ್ತಕ, ನಮ್ಮ "ಇಂದು ರೋಖ, ನಾಳೆ ಉದ್ರಿ" ಬೋರ್ಡಿನ ಹಾಗೆಯೇ. ಬೇಸಿಗೆಯಲ್ಲಿ ಕಟ್ಟಡದ ಕೆಲಸದವರು ಮಧ್ಯಾಹ್ನ ದುಡಿಯಲಾರದೆ ಕೂಲಿ ಕಡಿಮೆಯಾದರೆ ಪುಸ್ತಕ ದಪ್ಪವಾಗುತ್ತದೆ. ಕೆಲವರು ಕೊಡದೆ ಓಣಿ ಬದಲಿಸುವುದೂ ಉಂಟು. ಆ ಹೆಸರುಗಳ ಮೇಲೆ ಆಕೆ ಗೆರೆ ಎಳೆದಿರಲಿಲ್ಲ.

ನಮ್ಮ ಅಂಗಡಿಯಲ್ಲಿ ರದ್ದಿ ಕಾಗದದ ಪುಡಿಕೆ ಕಟ್ಟಿ ಎಂಟಾಣೆ ಚಹಾಪುಡಿ, ಒಂದು ರೂಪಾಯಿ ಬೆಲ್ಲ ಕೊಡುವುದನ್ನು ನಿಲ್ಲಿಸಿದವನು ನಾನೇ. ತೂಗುವ ಆಳಿನ ಪಗಾರವೂ ಹುಟ್ಟುವುದಿಲ್ಲ ಎಂದು ಲೆಕ್ಕ ಹಾಕಿದ್ದೆ, ಆ ಲೆಕ್ಕ ತಪ್ಪಿರಲಿಲ್ಲ. ಪಕ್ಕದ ಹಳ್ಳಿಯಿಂದ ಸಂತೆಗೆ ಬರುತ್ತಿದ್ದ ಮುದುಕಿಯೊಬ್ಬಳು ಎರಡು ಸಲ ಬಂದು ಪಾಕೀಟು ನೋಡಿ, ಇಟ್ಟು ಹೋದಳು. ಮೂರನೆಯ ಸಲ ಬರಲಿಲ್ಲ. ಅವಳು ಮನಿಲಾದ ಆ ಬೆಂಚಿನ ಮೇಲೆ ನನಗೆ ನೆನಪಾದಳು.

ಮೇ ಕೊನೆಗೆ ಹೊರಟ ದಿನ, ಬೆಳಗಿನ ಐದಕ್ಕೆ ಕಾರು ಬಂತು. ಆತೆ ಆಗಲೇ ಕಿಂಡಿ ತೆರೆದಿದ್ದಳು. ಮನೆಯವರು ದಾರಿಗೆಂದು ಒಂದು ಚೀಲ ತಣ್ಣೀರು, ಒಂದು ಬಿಸ್ಕೀಟು ತೆಗೆದುಕೊಂಡರು. ನನ್ನ ಕೈಯಲ್ಲಿ 1000 ಪೆಸೊ ನೋಟು ಮಾತ್ರ, ಆಕೆಯ ಬಳಿ ಚಿಲ್ಲರೆ ಇಲ್ಲ. ಬೇಡ, ಇರಲಿ ಎಂದು ಆಕೆ ಹೇಳಲಿಲ್ಲ. ಲಿಸ್ತಾ ತೆಗೆದು 'ಬುಂಬೈ, 12' ಎಂದು ಬರೆದಳು. ಊರಿಗೆ ಬಂದ ಮೇಲೆ ಮಗನಿಗೆ ಫೋನು ಮಾಡಿದೆ. ಅವನು ಅದೇ ವಾರ ಹೋಗಿ ಕೊಟ್ಟನಂತೆ, ಆಕೆ ಗೆರೆ ಎಳೆದಳಂತೆ. ಮಳೆ ಶುರುವಾಗಿತ್ತು, ಓಣಿಯಲ್ಲಿ ಮೊಣಕಾಲುದ್ದ ನೀರು.