ಇವತ್ತು ಹಾಲು ಒಗ್ಗದ ಮಗುವಿಗೆ ನಾಳೆ ಒಗ್ಗಬಹುದು



ನಸುಕಿನಲ್ಲೆದ್ದು ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕುವ ತಾಯಿಯ ಮಗುವಿಗೇ ಹಾಲು ಒಗ್ಗದಿದ್ದರೆ ಜನ ಸುಮ್ಮನಿರುವುದಿಲ್ಲ. ‘ಹಾಲೆಲ್ಲ ಡೇರಿಗೆ ಹಾಕಿದಳು, ಮಗುವಿಗೆ ರೂಢಿ ಮಾಡಲಿಲ್ಲ’ ಎನ್ನುತ್ತಾರೆ. ಈ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಲರ್ಜಿ ತಾಯಿಯ ತಪ್ಪಲ್ಲ.

ಹಾಲಿನ ಅಥವಾ ಮೊಟ್ಟೆಯ ಪ್ರೋಟೀನನ್ನು ಮಗುವಿನ ದೇಹ ವೈರಿಯೆಂದು ತಪ್ಪು ತಿಳಿಯುವುದೇ ಅಲರ್ಜಿ. ಸಾಮಾನ್ಯವಾಗಿ ತಿಂದ ಎರಡು ತಾಸಿನೊಳಗೆ ದದ್ದು, ತುಟಿ ಊತ, ವಾಂತಿ ಕಾಣಿಸುತ್ತವೆ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಆಕಳ ಹಾಲು ಆಗದ ಮಗುವಿಗೆ ಎಮ್ಮೆ, ಮೇಕೆ ಹಾಲೂ ಸಾಮಾನ್ಯವಾಗಿ ಆಗುವುದಿಲ್ಲ. ಚೆನ್ನಾಗಿ ಕಾಯಿಸಿದರೂ ಅಲರ್ಜಿಯ ಭಯ ಹೋಗುವುದಿಲ್ಲ.

ಸಮಾಧಾನದ ಸಂಗತಿಯೆಂದರೆ, ಹಾಲು–ಮೊಟ್ಟೆಯ ಅಲರ್ಜಿ ಇರುವ ಹೆಚ್ಚಿನ ಮಕ್ಕಳಿಗೆ ದೊಡ್ಡವರಾಗುತ್ತಾ ಅದು ಹೋಗುತ್ತದೆ. ಹಲವರಿಗೆ ಶಾಲೆಗೆ ಸೇರುವ ಹೊತ್ತಿಗೆ, ಕೆಲವರಿಗೆ ಇನ್ನೂ ತಡವಾಗಿ. ಕೆಲವರಿಗೆ ಮಾತ್ರ ಉಳಿದುಬಿಡುತ್ತದೆ. ಅನೇಕರಿಗೆ ಮೊದಲು ಒಗ್ಗುವುದು ಹಿಟ್ಟಿನಲ್ಲಿ ಬೆರೆಸಿ ಬಹಳ ಹೊತ್ತು ಬೇಯಿಸಿದ ಕೇಕ್, ಬಿಸ್ಕತ್ತಿನಂಥ ತಿನಿಸು. ಹಸಿ ಹಾಲು, ಅರೆಬೆಂದ ಮೊಟ್ಟೆ ಕೊನೆಗೆ.

ಆದರೆ ನಾವು ಎರಡು ತಪ್ಪು ಮಾಡುತ್ತೇವೆ. ‘ಸ್ವಲ್ಪ ಕುಡಿಸಿ ನೋಡೋಣ’ ಎಂದು ಮನೆಯಲ್ಲೇ ಪರೀಕ್ಷೆ ಮಾಡುವುದು ಒಂದು; ಇದರಿಂದ ಜೀವಕ್ಕೇ ಅಪಾಯ. ಒಮ್ಮೆ ದದ್ದು ಬಂತೆಂದು ಜೀವನಪೂರ್ತಿ ಹಾಲು ಬಿಡಿಸುವುದು ಇನ್ನೊಂದು. ಡೇರಿಯಲ್ಲಿ ಫ್ಯಾಟ್ ಒಮ್ಮೆ ನೋಡಿ ವರ್ಷಪೂರ್ತಿ ಅದೇ ದರ ಕೊಟ್ಟರೆ ಒಪ್ಪುತ್ತೀರಾ? ಮಗುವಿನ ವಿಷಯದಲ್ಲೂ ಹಾಗೆಯೇ. ವರ್ಷಕ್ಕೊಮ್ಮೆಯಾದರೂ ಮಕ್ಕಳ ವೈದ್ಯರಿಗೆ ತೋರಿಸಿ, ಅವರ ಕಣ್ಣೆದುರೇ ಮತ್ತೆ ಶುರು ಮಾಡಿ. ಅಲ್ಲಿಯವರೆಗೆ ಹಾಲಿನ ಬದಲು ಏನು ಕೊಡಬೇಕೆಂದೂ ಕೇಳಿ. ಎದೆಹಾಲನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

2013ರಿಂದ ಕ್ಷೀರಭಾಗ್ಯದ ಹಾಲು, 2021ರ ಡಿಸೆಂಬರ್‌ನಿಂದ ನಮ್ಮ ಬೀದರ್ ಜಿಲ್ಲೆಯ ಶಾಲೆಗಳಲ್ಲಿ ಮೊಟ್ಟೆ ಕೊಡುತ್ತಿದ್ದಾರೆ. ಬಡ ಮಕ್ಕಳಿಗೆ ಇದು ದೊಡ್ಡ ಆಸರೆ, ನಿಲ್ಲಬಾರದು. ಆದರೆ ಅಲರ್ಜಿ ಇರುವ ಮಗುವಿನ ಹೆಸರು ಶಿಕ್ಷಕಿಗೂ ಅಂಗನವಾಡಿ ಕಾರ್ಯಕರ್ತೆಗೂ ಗೊತ್ತಿರಲೇಬೇಕು. ನಾಚಿಕೆಯಿಂದ ಮುಚ್ಚಿಡಬೇಡಿ.

ಭಾತಂಬ್ರಾದಂಥ ಊರಿನಿಂದ ಮಕ್ಕಳ ವೈದ್ಯರ ಬಳಿ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ರಾಸುಗಳಿಗೆ ಆರೋಗ್ಯ ಶಿಬಿರ ನಡೆಸುವ ನಮ್ಮ ಸಂಘಗಳು ವರ್ಷಕ್ಕೊಂದು ದಿನ ಮಕ್ಕಳ ವೈದ್ಯರನ್ನೂ ಊರಿಗೆ ಕರೆಸಲಿ. ಮುಂದಿನ ಸಭೆಯಲ್ಲಿ ಈ ಮಾತನ್ನು ನೀವೇ ಎತ್ತಿ. ಹಾಲು ಹಾಕುವವರು ನೀವು, ಕೇಳುವ ಹಕ್ಕೂ ನಿಮ್ಮದೇ.