ಎರಡು ಮನೆಯ ಬೆಕ್ಕು

ಶಂಕರನಾರಾಯಣದ ಕಡೆ ಮನೆಗಳು ಒತ್ತಾಗಿರುವುದಿಲ್ಲ. ನಡುವೆ ಅಡಕೆಯ ತೋಟ, ತೋಡು, ಒಂದು ಸಂಕ. ಅಲ್ಲಿನ ಪರಿಚಿತರೊಬ್ಬರ ಬೆಕ್ಕು ಗೌರಿ ಸಂಜೆಯಾದೊಡನೆ ಕಾಣೆಯಾಗುತ್ತಿತ್ತು. ಇಲಿಬೇಟೆಗೆಂದು ಮನೆಯವರ ನಂಬಿಕೆ. 2013ರಲ್ಲಿ ಇಂಗ್ಲೆಂಡಿನ ಶ್ಯಾಮ್ಲಿ ಗ್ರೀನ್ ಹಳ್ಳಿಯ 50 ಬೆಕ್ಕುಗಳ ಕೊರಳಿಗೆ ಬಿಬಿಸಿಯವರು ಜಾಡು ತಿಳಿಸುವ ಯಂತ್ರ ಕಟ್ಟಿಸಿದಾಗ, ಕೆಲವು ನೆರೆಮನೆ ಹೊಕ್ಕು ಉಣ್ಣುವುದು ಬಯಲಾಗಿತ್ತು. ಇಲ್ಲಿ ಯಂತ್ರ ಬೇಕಾಗಲಿಲ್ಲ. ಕಳೆದ ಮಳೆಗಾಲ ಬೆಕ್ಕು ಎರಡು ದಿನ ಕಾಣದಾದಾಗ, ಬೇಲಿಯ ವ್ಯಾಜ್ಯದಿಂದ ಮಾತುಬಿಟ್ಟಿದ್ದ ತೋಡಿನಾಚೆಯ ಅಜ್ಜಿ ಸಂಕ ದಾಟಿ ಬಂದು, “ನಮ್ಮ ಪುಟ್ಟಿ ಇಲ್ಲಿಗೆ ಬಂದಿದೆಯೇ?” ಎಂದರು. ನಿತ್ಯವೂ ಅದಕ್ಕೆ ಅನ್ನವಿಡುತ್ತಿದ್ದರಂತೆ. ಇದನ್ನೂ ದಾಸೋಹವೆನ್ನಲು ನನಗೆ ಸಂಕೋಚವಿಲ್ಲ. ಅಷ್ಟರಲ್ಲಿ ಕೊಟ್ಟಿಗೆಯ ಅಟ್ಟದಿಂದ ಮರಿಗಳ ದನಿ ಕೇಳಿಸಿತು. ಏಣಿಯನ್ನು ಅಜ್ಜಿಯೇ ಹಿಡಿದರು. ಮರಿಗಳು ಹಾಲು ಬಿಟ್ಟ ಬಳಿಕ ಒಂದು ಆಚೆ ಮನೆಗೆ ಹೋಯಿತು. ವ್ಯಾಜ್ಯವಿನ್ನೂ ಮುಗಿದಿಲ್ಲ, ಸಂಕಕ್ಕೆ ಮಾತ್ರ ಹೊಸ ಹಲಗೆ ಬಿದ್ದಿದೆ.