ಕೆರೆಯ ಮೇಲೂ ಕಾನೂನಿರಲಿ

ಭರಮಣ್ಣನಾಯಕನು ಕಟ್ಟಿಸಿದ ಭರಮಸಾಗರದ ಕೆರೆಗೆ ಏತ ನೀರಾವರಿಯಿಂದ ತುಂಗಭದ್ರೆಯ ನೀರು ಬಂದದ್ದು ಸಂತೋಷದ ಸಂಗತಿ. ನೀರಿದ್ದಲ್ಲಿಗೆ ವಿಹಾರದ ದೋಣಿಗಳೂ ಅವುಗಳ ಹಿಂದೆ ಗುತ್ತಿಗೆದಾರರೂ ಬರುವರು. ನಾವು ವಿಹಾರದ ವಿರೋಧಿಗಳಲ್ಲ. ಗಿರಣಿ ಕಾರ್ಮಿಕನ ಮಕ್ಕಳಿಗೂ ಆ ಸುಖ ಬೇಕು.

ಆದರೆ 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ, ಮಿತಿಮೀರಿ ಜನ ತುಂಬಿದ ದೋಣಿ ಮಗುಚಿ 12 ಮಕ್ಕಳೂ 2 ಶಿಕ್ಷಕಿಯರೂ ಸತ್ತರು. ಹಲವರಿಗೆ ಜೀವರಕ್ಷಕ ಅಂಗಿಯೇ ಇರಲಿಲ್ಲ. ವೇಗದ ಮೋಟಾರು ದೋಣಿ ಎಬ್ಬಿಸುವ ಅಲೆಯನ್ನು ಬೆಸ್ತನ ಹರಿಗೋಲು ತಡೆಯಲಾರದು. ಮೋಜು ಒಬ್ಬನದು, ಮುಳುಗುವವನು ಇನ್ನೊಬ್ಬ.

ಆದ್ದರಿಂದ ಗುತ್ತಿಗೆಗೆ ಮುನ್ನವೇ ಸರ್ಕಾರವು ವೇಗಕ್ಕೆ ಮಿತಿ, ಬಲೆ ಬೀಸುವೆಡೆ ಮೋಟಾರಿಗೆ ನಿಷೇಧ, ತಲೆಗೊಂದು ಅಂಗಿ, ಎಷ್ಟು ಮಂದಿ ಹತ್ತಬಹುದೆಂಬ ಬರಹ ಇವನ್ನು ವಿಧಿಸಲೇಬೇಕು. ಕೆರೆ ಊರಿನದು, ಗುತ್ತಿಗೆದಾರನದಲ್ಲ.